ಅತ್ತೆಯ ಗೋಡೆಗೆ ಬಂದ ಟೇಬಲ್

ಎರಡೇ ಕಾಲಿನ ಟೇಬಲ್ಲನ್ನು ಯಾರಾದರೂ ದುಡ್ಡು ಕೊಟ್ಟು ತರುತ್ತಾರೆಯೇ? ನಮ್ಮ ಮಾವ ತಂದರು. ಆದವಾನಿಯ ಹತ್ತಿ ಪೇಟೆಯಲ್ಲಿ ಏಕಾಂತಪ್ಪನವರೆಂದರೆ ಅರಳೆಯನ್ನು ಬೆರಳಲ್ಲಿ ಎಳೆದು ನೋಡಿಯೇ ಅದು ಯಾವ ಕಡೆಯ ಹೊಲದ್ದೆಂದು ಹೇಳುವವರು ಅಂತ ಹೆಸರಿತ್ತು. ಆ ಜಾಣತನವನ್ನೆಲ್ಲ ಪೇಟೆಯಲ್ಲೇ ಬಿಟ್ಟು ಮನೆಗೆ ಬರುತ್ತಿದ್ದರು ಅಂತ ನನ್ನ ಅಭಿಪ್ರಾಯ. ನಾನು ಹೇಳಹೊರಟಿರುವುದು ಮಾವನ ವಿಷಯವಲ್ಲ, ಅತ್ತೆ ಗುರುಶಾಂತಮ್ಮನವರ ವಿಷಯ. ಆದರೆ ಅವರ ಸುದ್ದಿ ಎತ್ತಿದರೆ ಸಾಕು, ಆ ದರಿದ್ರ ಟೇಬಲ್ಲು ಅಡ್ಡ ಬರುತ್ತದೆ. ಅವರು ಬದುಕಿದ್ದಾಗಲೂ ಅಡ್ಡ ಬಂದದ್ದು ಅದೇ.

ಅತ್ತೆ ಪೆದ್ದಹರಿವಾಣದ ಒಕ್ಕಲುಮನೆಯ ಮಗಳು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರ ಮೊಣಕಾಲು ಹೋಗಿಬಿಟ್ಟಿದ್ದವು. ಗುಡಿಗಿಲ್ಲ, ಬಾವಿಗಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಪಡಸಾಲೆಗೆ ಬಂದು, ಬೀದಿ ಬಾಗಿಲಿಗೆ ಎದುರಾಗಿದ್ದ ಗೋಡೆಗೆ ಬೆನ್ನು ಕೊಟ್ಟು, ಕಂಬಳಿಯ ಮೇಲೆ ಕಾಲು ಚಾಚಿ ಕೂತರೆಂದರೆ ಊಟದವರೆಗೆ ಏಳುತ್ತಿರಲಿಲ್ಲ. ಹುಣಸೆಹಣ್ಣು ಬಿಡಿಸುವುದೋ ಬತ್ತಿ ಹೊಸೆಯುವುದೋ ಕೈಗೆ ಏನಾದರೊಂದು ಕೆಲಸ, ಕಣ್ಣು ಮಾತ್ರ ಬೀದಿಯ ಮೇಲೆ. ಹೋಗುವವರನ್ನೆಲ್ಲ ಕರೆಯುವರು. ಬಳೆ ಮಾರುವ ಖಾಸಿಂಬಿ ಬುಟ್ಟಿ ಇಳಿಸುವಳು. ಬೆಣ್ಣೆ ಮಾರುವ ಲಿಂಗಕ್ಕ ಬಂದು ಕೂತರಂತೂ ಬೆಣ್ಣೆ ಕರಗುವವರೆಗೆ ಮಾತು. ಯಾರ ಎಮ್ಮೆ ಈದಿತು, ಯಾರ ಸೊಸೆ ತವರಿನಿಂದ ಇನ್ನೂ ಬಂದಿಲ್ಲ, ಎಲ್ಲ ಅತ್ತೆಗೆ ಗೊತ್ತು. ಹೊರಗಿನವರಿಗೆ ನಮ್ಮ ಮನೆಯಲ್ಲಿ ಪಡಸಾಲೆಯವರೆಗೆ ಮಾತ್ರ ಬಳಕೆ. ಅದನ್ನು ದಾಟಿ ಅಡಿಗೆಮನೆಯ ಕಡೆ ಅವರು ಕಾಲಿಡುವಂತಿರಲಿಲ್ಲ, ಆ ಕಾಲದ ಕಟ್ಟು ಅದು. ಹಾಗಾಗಿ ಅತ್ತೆಯ ಪಾಲಿಗೆ ಊರೆಂದರೆ ಆ ಗೋಡೆಯ ಬುಡದಿಂದ ಕಾಣುವಷ್ಟೇ.

ಮೂವತ್ತಾರನೆಯ ಇಸವಿ ಇರಬೇಕು. ಜಿನ್ನಿಂಗ್ ಮಿಲ್ಲಿನ ಇಂಗ್ಲಿಷ್ ಮ್ಯಾನೇಜರೊಬ್ಬ ತನ್ನ ದೇಶಕ್ಕೆ ಹೊರಟ. ಅವನ ಬಂಗಲೆಯ ಸಾಮಾನು ಹರಾಜಿಗೆ ಬಂತು. ಬುದ್ಧಿ ಇದ್ದವರು ಮಂಚ ತಂದರು, ಕುರ್ಚಿ ತಂದರು. ಮಾವ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ತಂದದ್ದು ಅರ್ಧಚಂದ್ರದ ಆಕಾರದ ಒಂದು ಕರಿಮರದ ಟೇಬಲ್ಲು. ಮೇಲೆ ಬಿಳಿ ಅಮೃತಶಿಲೆಯ ಕಲ್ಲು. ಮುಂದುಗಡೆ ಸಿಂಹದ ಪಂಜದಂತೆ ಕೆತ್ತಿದ ಎರಡು ಕಾಲು, ಹಿಂದೆ ಏನೂ ಇಲ್ಲ.

"ಉಳಿದ ಕಾಲು ಗಾಡ್ಯಾಗ ಅದಾವೇನ್ರಿ?" ಎಂದು ಅತ್ತೆ ಕೂತಲ್ಲಿಂದಲೇ ಕೇಳಿದರು.

"ಇದಕ್ಕ ಇರೂವ ಎರಡು ಕಾಲು. ಹಿಂದಿನ ಭಾರ ಗ್ವಾಡಿ ಹೊರತೈತಿ. ದೊರಿಗಳ ಮನ್ಯಾಗ ಇದಕ್ಕ ಕನ್ಸೋಲ್ ಟೇಬಲ್ ಅಂತಾರ. ನೂರು ವರ್ಷದ ಹಳೇದಂತ, ನಿನಗೇನ್ ಗೊತ್ತು?"

"ಯಾವ ಗ್ವಾಡಿ ಹೊರತೈತ್ರಿ?"

ಮಾವನ ಕಣ್ಣು ಅತ್ತೆಯ ತಲೆಯ ಮೇಲಿನ ಗೋಡೆಯನ್ನು ಅಳೆಯುತ್ತಿತ್ತು.

ಪಡಸಾಲೆಗೆ ಬೇರೆ ಗೋಡೆ ಇರಲಿಲ್ಲವೇ? ಇತ್ತು. ಎಡಗಡೆ ಮಾವ ಗಿರಾಕಿಗಳೊಡನೆ ಕೂರುವ ಗಾದಿ, ಲೋಡು. ಬಲಗಡೆ ಜೋಳದ ಚೀಲ. ಅವನ್ನು ಸರಿಸುವ ಮಾತೇ ಇಲ್ಲ. ಬಂದವರ ಕಣ್ಣಿಗೆ ಮೊದಲು ಬೀಳುವ ಗೋಡೆಗೇ ಟೇಬಲ್ಲು ನಿಲ್ಲಬೇಕು. ಬಡಿಗೇರ ಮಾರಣ್ಣ ಬಂದು ಗೇಣುದ್ದದ ಮೊಳೆ ಹೊಡೆದು ಅದನ್ನು ಗೋಡೆಗೆ ಬಿಗಿದ. ಮಾವ ಅತ್ತೆಯ ಕಂಬಳಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟು, "ಒಳಗ ಹಾಸವ್ವ, ಅಡಿಗಿಮನಿ ಬಾಗಲ್ದಾಗ ಬೆಚ್ಚಗಿರತೈತಿ" ಎಂದರು. ಆದವಾನಿಯ ಬಿಸಿಲಿಗೆ ಬೆಚ್ಚಗಿನ ಜಾಗ ಹುಡುಕಿಕೊಟ್ಟ ಪುಣ್ಯಾತ್ಮರು!

ಹೋಗಲಿ, ಆ ಟೇಬಲ್ಲಿನಿಂದ ಮೂರುಕಾಸಿನ ಉಪಯೋಗವಾದರೂ ಇತ್ತೇ ಅಂದರೆ ಅದೂ ಇಲ್ಲ. ಊಟಕ್ಕೆ ಅಗಲ ಸಾಲದು, ಬರೆಯಲು ಕೂತರೆ ಮೊಣಕಾಲು ತೂರುವುದಿಲ್ಲ. ತುಂಬಿದ ಕೊಡ ಇಟ್ಟರೆ ಕಲ್ಲಿಗೆ ಕಲೆಯಾಗುತ್ತದೆ ಅಂತ ಮಾವನ ಕೂಗು. ಅದರ ಮೇಲೆ ಕೂರುತ್ತಿದ್ದದ್ದು ಮಾವನ ರುಮಾಲು ಮತ್ತು ಧೂಳು. ಧೂಳು ಒರೆಸುವುದು ನನ್ನ ಪಾಲಿಗೆ. ಆ ಪಂಜಗಳ ಸಂದಿಯಲ್ಲಿ ಬಟ್ಟೆ ತೂರಿಸಿ ತಿಕ್ಕುವಾಗ ಮೈಯೆಲ್ಲ ಉರಿಯುತ್ತಿತ್ತು.

ಅತ್ತೆ ಸುಮ್ಮನಿರುವ ಹೆಂಗಸಲ್ಲ. ಮಾರಣ್ಣನನ್ನು ಕರೆಸಿ, ಹಿಂದೆ ಎರಡು ಕಾಲು ಕೂಡಿಸಿದರೆ ಬೇರೆ ಕಡೆ ನಿಲ್ಲುತ್ತದೆಯೇ ಅಂತ ಕೇಳಿದರು. "ಧಾರಾಳ ನಿಲ್ತೈತಿ ಅಮ್ಮಾರ, ಒಂದು ಹೊತ್ತಿನ ಕೆಲಸ" ಅಂದ ಅವನು. ಮಾವ ಕೇಳಿ ಕೆಂಡವಾದರು. ದೊರೆಯ ಮನೆಯ ಹಳೇ ಸಾಮಾನಿಗೆ ಬೇವಿನ ಕಟ್ಟಿಗೆಯ ಕಾಲು ಹಚ್ಚಿದರೆ ಅದರ ಬೆಲೆ ಹೋಗುತ್ತದಂತೆ! ಹಾಗಾದರೆ ಕಿತ್ತು ಗಾದಿಯ ಕಡೆ ಹಾಕಿ ಅಂದರೆ, "ಮೊಳೆ ಕಿತ್ತರ ಗ್ವಾಡಿ ಬೀಳ್ತೈತಿ, ಮಣ್ಣಿನ ಗ್ವಾಡಿ ಅದು" ಎಂದರು. ಅಲ್ಲಿಂದ ಮುಂದೆ ಏನು ಕೇಳಿದರೂ ಅದೇ ಉತ್ತರ. ಗ್ವಾಡಿ ಬೀಳ್ತೈತಿ.

ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಕೂತರು. ಹೊಗೆಗೆ ಕಣ್ಣಲ್ಲಿ ನೀರು, ಬೆನ್ನಿಗೆ ಬಾಗಿಲ ಚೌಕಟ್ಟು. ಬೀದಿ ಕಾಣದು. ಖಾಸಿಂಬಿ ಪಡಸಾಲೆಗೆ ಬಂದು ಇಣುಕಿ, ಮಾವನ ಗಿರಾಕಿಗಳನ್ನು ಕಂಡು ವಾಪಸು ಹೋಗುವಳು. ಲಿಂಗಕ್ಕ ಹೊರಗಿನಿಂದಲೇ, "ಏಮಮ್ಮಾ ಗುರುಶಾಂತಮ್ಮ, ನಮ್ಮನ್ನ ಮರತೇ ಬಿಟ್ಟಿಯೇನು?" ಅಂತ ಕೂಗುವಳು. ಅತ್ತೆ ಒಳಗಿನಿಂದ ಕೂಗುವರು. ಇಬ್ಬರ ಸುದ್ದಿಯೂ ಗಾದಿಯ ಮೇಲಿದ್ದ ವ್ಯಾಪಾರಿಗಳ ಕಿವಿಗೆ ಬೀಳುತ್ತಿತ್ತು. ಕೂಗಿ ಹೇಳುವ ಸುದ್ದಿ ಎಷ್ಟಿರುತ್ತದೆ? ಬರುಬರುತ್ತ ಲಿಂಗಕ್ಕ ಬೆಣ್ಣೆಯನ್ನು ನನ್ನ ಕೈಗೆ ಕೊಟ್ಟು ಹೋಗತೊಡಗಿದಳು.

ಒಂದು ದಿನ ನಾನು ಹಿತ್ತಲಿನಿಂದ ಬಂದು ನೋಡುತ್ತೇನೆ, ಅತ್ತೆ ಟೇಬಲ್ಲಿನ ಕೆಳಗೆ ಕೂತಿದ್ದಾರೆ! ಸಿಂಹದ ಎರಡು ಕಾಲಿನ ನಡುವೆ ತೂರಿಕೊಂಡು, ತಮ್ಮ ಗೋಡೆಗೆ ಬೆನ್ನು ಹಚ್ಚಿ, ಕಲ್ಲು ತಲೆಗೆ ತಾಗುತ್ತದೆಂದು ಕುತ್ತಿಗೆ ಬಗ್ಗಿಸಿಕೊಂಡು ಹುಣಸೆಹಣ್ಣು ಬಿಡಿಸುತ್ತಿದ್ದಾರೆ. ಬಾಗಿಲಲ್ಲಿ ಲಿಂಗಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ನನಗೂ ನಗು ತಡೆಯಲಾಗಲಿಲ್ಲ. ಮಾವ ಬಂದರು. "ಗಿರಾಕಿ ಬರೂ ಹೊತ್ತು, ಮಾನ ಕಳೀತೀ ಏನು?" ಎಂದು ಗದರಿದರು. "ನಿಮ್ಮ ಟೇಬಲ್ಲಿಗೆ ನಾ ಏನೂ ಮಾಡಿಲ್ಲಲ್ರಿ, ನನ್ನ ಗ್ವಾಡಿಗೆ ನಾ ಕುಂತೀನಿ" ಎಂದರು ಅತ್ತೆ. ಮರುದಿನ ಕುತ್ತಿಗೆ ಹೊರಳಿಸಲು ಬಾರದೆ ಮಲಗಿದರು. ಆಮೇಲೆ ಆ ಸಾಹಸ ಮಾಡಲಿಲ್ಲ.

ಮಾವ ಕೆಟ್ಟವರೇನಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ನಲವತ್ತೆರಡರ ಬೇಸಿಗೆಯಲ್ಲಿ ಅತ್ತೆಗೆ ಜ್ವರ ಹಿಡಿದಾಗ ಪೇಟೆ ಬಿಟ್ಟು ಮನೆಯಲ್ಲೇ ಇದ್ದರು. ಡಾಕ್ಟರನ್ನು ಕರೆತಂದರು, ಕೈಯಾರೆ ಗಂಜಿ ಕುಡಿಸಿದರು. ಅತ್ತೆ ನನ್ನನ್ನು ಕೇಳಿದ್ದು ಒಂದೇ. "ಅಂಬವ್ವ, ಒಳಗ ಉಸಿರು ಕಟ್ಟತೈತಿ. ನನ್ನ ಗ್ವಾಡಿಗೆ ಒರಗಿಸಿ ಕುಂದ್ರಸವ್ವ." ನಾನು ಮಾವನಿಗೆ ಹೇಳಿದೆ.

"ಜ್ವರ ಇಳೀಲಿ. ಮಾರಣ್ಣನ್ನ ಕರಸಿ ನೋಡೂಣು" ಎಂದರು.

ಜ್ವರ ಇಳಿಯಲಿಲ್ಲ. ಒಂದು ಬೆಳಿಗ್ಗೆ ಅಡಿಗೆಮನೆಯ ಪಕ್ಕದ ಕೋಣೆಯಲ್ಲೇ ಅತ್ತೆಯ ಉಸಿರು ನಿಂತಿತು.

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಬಾಗಿಲಿಗೆ ಮುಖ ಮಾಡಿ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಮಾವನ ದಾಯಾದಿ ಅಣ್ಣ ಉಚ್ಚೀರಪ್ಪ ಪಡಸಾಲೆಯನ್ನು ಒಮ್ಮೆ ನೋಡಿ, "ಎಲ್ಲಿ ಕುಂದ್ರಸೂದು, ಏಕಾಂತಪ್ಪ?" ಎಂದರು.

"ಇಲ್ಲೇ" ಎಂದರು ಮಾವ, ಬಾಗಿಲ ಎದುರಿನ ಗೋಡೆ ತೋರಿಸಿ. "ಮಾರಣ್ಣ, ಟೇಬಲ್ ತಗಿ."

ಮಾರಣ್ಣ ಹಾರೆ ತೂರಿಸಿ ಮೀಟಿದ. ಮೊಳೆಗಳು ಕಿರ್ರೆಂದು ಹೊರಗೆ ಬಂದವು. ಒಂದು ಬೊಗಸೆಯಷ್ಟು ಮಣ್ಣು ಉದುರಿತು, ಅಷ್ಟೇ. ಗೋಡೆ ಬೀಳಲಿಲ್ಲ. ಅದರಲ್ಲಿ ಒಂದು ಬಿರುಕೂ ಕಾಣಲಿಲ್ಲ. ಇಬ್ಬರು ಟೇಬಲ್ಲನ್ನು ಎತ್ತಿ ಅಂಗಳಕ್ಕೆ ಒಯ್ದು, ನಿಲ್ಲದ್ದಕ್ಕೆ ಬೋರಲು ಹಾಕಿದರು. ನಾನು ಕಂಬಳಿ ತಂದು ಹಾಸಿದೆ. ಅತ್ತೆಯನ್ನು ಎತ್ತಿ ತಂದು ಕೂರಿಸಿದರು.

ತಡೆಯಲಾಗಲಿಲ್ಲ ನನಗೆ. ಅಷ್ಟು ಜನರ ಮುಂದೆ ಸೊಸೆ ಬಾಯಿ ಬಿಡಬಾರದೆಂಬುದು ಗೊತ್ತಿದ್ದೂ, "ಇಷ್ಟೇ ಇತ್ತೇನ್ರಿ ಮಾವ ಈ ಕೆಲಸ?" ಎಂದುಬಿಟ್ಟೆ. ಯಾರೂ ನನ್ನನ್ನು ಗದರಲಿಲ್ಲ. ಮಾವ ಗೋಡೆಯಲ್ಲಿದ್ದ ಮೊಳೆಯ ತೂತುಗಳನ್ನು ನೋಡುತ್ತ ನಿಂತಿದ್ದರು.

ಬೀದಿಯವರೆಲ್ಲ ಬಂದರು. ಖಾಸಿಂಬಿ ಬುಟ್ಟಿಯನ್ನು ಹೊರಗಿಟ್ಟು ಬಂದಳು. ಲಿಂಗಕ್ಕ ಅತ್ತೆಯ ಮುಂದೆ ಕೂತು ಹಾಡಿಕೊಂಡು ಅತ್ತಳು. ಅಳುತ್ತಲೇ ತನ್ನ ಮಗಳ ಹೆರಿಗೆಯಾದದ್ದು, ಕೂಸು ಹೆಣ್ಣೆಂಬುದು, ಎಮ್ಮೆ ಮಾರಿದ್ದು, ಇಷ್ಟು ವರ್ಷ ಕೂಗಿ ಹೇಳಲಾಗದ್ದನ್ನೆಲ್ಲ ಹೇಳಿದಳು. ಮಧ್ಯಾಹ್ನ ಎತ್ತುವವರೆಗೂ ಅತ್ತೆ ಬೀದಿಗೆ ಮುಖ ಮಾಡಿ ಅಲ್ಲೇ ಕೂತಿದ್ದರು.