ಭೈರಮ್ಮನ ಕ್ಯಾಸೆಟ್ಟಿನಲ್ಲಿ ಹಾಲು ಉಕ್ಕಿದ್ದು

ಕಿಗ್ಗದ ಭೈರಮ್ಮನ ಬಾಯಲ್ಲಿ ಹಾಡು ಹೇಳಿಸುವುದೆಂದರೆ ಹುಡುಗಾಟವಲ್ಲ. ಹಿಂದೆ ಹಾಗಿರಲಿಲ್ಲ. ಸುತ್ತಲಿನ ಯಾವ ಮನೆಯಲ್ಲಿ ಮದುವೆಯಾದರೂ ಅರಶಿನ ಶಾಸ್ತ್ರದ ಸೋಬಾನೆಗೆ ಅವಳೇ ಬೇಕು. ತೋಟದ ಕೂಲಿ ಮುಗಿಸಿ, ಕೈಕಾಲು ತೊಳೆದು, ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೊರಟರೆ ಹಿಂದೆಯೇ ಅಕ್ಕ ಗಿಡ್ಡಮ್ಮ. ಸಾಲನ್ನು ಒಬ್ಬಳು ಹೇಳಬೇಕು, ಇನ್ನೊಬ್ಬಳು ಎತ್ತಿಕೊಳ್ಳಬೇಕು. ಒಬ್ಬಳೇ ಹಾಡುವ ಪದ್ಧತಿಯೇ ಇಲ್ಲ. ಗಿಡ್ಡಮ್ಮ ತೀರಿಹೋದ ಮೇಲೆ ಭೈರಮ್ಮ ಹಾಡು ಬಿಟ್ಟಳು. ಕರೆಯಲು ಬಂದವರಿಗೆ ಕಾಫಿ ಕೊಟ್ಟು, "ಎತ್ಕೊಳ್ಳೋರು ಯಾರಿದ್ದಾರೆ ಮಾರಾಯ?" ಎಂದು ಕಳಿಸಿಬಿಡುತ್ತಿದ್ದಳು.

ಈಗ ಮೊಮ್ಮಗಳು ಅನಿತಾಳ ಮದುವೆ. ಭೈರಮ್ಮನಿಗೆ ಒಂದೇ ಆಸೆ, ಕೂಸಿಗೆ ಅರಶಿನ ಹಚ್ಚುವಾಗ ಅಕ್ಕನ ದನಿ ಕೇಳಬೇಕು. ಅದಕ್ಕೊಂದು ಹಳೆಯ ಕ್ಯಾಸೆಟ್ಟೂ ಇತ್ತು, ಯಾವುದೋ ಮದುವೆಯಲ್ಲಿ ಮೈಕ್ ಸೆಟ್ಟಿನವರು ರೆಕಾರ್ಡ್ ಮಾಡಿ ಕೊಟ್ಟದ್ದು. ಬೂಷ್ಟು ಹಿಡಿಯದಿರಲೆಂದು ಅವಳು ಅದನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಿದ್ದಳು. ಸೊಸೆ ಒಮ್ಮೆ ಅದನ್ನೂ ಸೇರಿಸಿ ಎಸರಿಗೆ ಸುರಿಯುವುದು ಸ್ವಲ್ಪದರಲ್ಲಿ ತಪ್ಪಿತ್ತು.

ಮಗ ವಿಜಯನಿಗೆ ಅವ್ವನೆಂದರೆ ಜೀವ. ಹೇಳದೆ ಕೇಳದೆ ಕ್ಯಾಸೆಟ್ಟನ್ನು ಪೇಟೆಯ ಸ್ಟುಡಿಯೋಕ್ಕೆ ಒಯ್ದು, ಹಾಡನ್ನು ಹೊಸದು ಮಾಡಿಸಿ ಪೆನ್‌ಡ್ರೈವಿನಲ್ಲಿ ತಂದ. ಅರಶಿನದ ದಿನ ಬಾಳಗಡಿಯ ಮೈಕ್ ಸೆಟ್ ಲೋಕೇಶ ಅದನ್ನು ಹಾಕಿದ. ಅಬ್ಬಬ್ಬಾ, ಅದೇನು ಅಬ್ಬರ! ಚಪ್ಪರವೇ ನಡುಗಿತು, ನಾಯಿ ಬೇಲಿ ಹಾರಿ ಓಡಿತು. ನೆಂಟರೆಲ್ಲ ಭೇಷ್ ಎಂದರು. ಭೈರಮ್ಮ ಮಾತ್ರ ಕಿವಿ ಕೊಟ್ಟು ಹುಡುಕುತ್ತಲೇ ಇದ್ದಳು.

"ಅಕ್ಕ ಎಲ್ಲಿ?"

"ಇದ್ರಲ್ಲೇ ಇದ್ದಾಳಲ್ಲ ಅವ್ವ, ಎಷ್ಟು ಜೋರಾಗಿ ಕೇಳ್ತದೆ!" ಎಂದ ವಿಜಯ.

"ಅದೇ ಮತ್ತೆ! ಗಿಡ್ಡಕ್ಕ ಮೈಕಿಗೆ ಹೆದರಿ ಅಡುಗೆಮನೆ ಬಾಗ್ಲಲ್ಲಿ ನಿಂತೋಳು. ಅವಳ ದನಿ ದೂರದಿಂದ ಬರಬೇಕು. ಇವರು ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಸಿ ಕಿರುಚ್ಸಿದ್ದಾರೆ. ಹಾಲು ಉಕ್ಕಿದ್ದು ಎಲ್ಲಿ ಹೋಯ್ತು?"

"ಎಂತ ಹಾಲು ಅವ್ವ?"

ಲೋಕೇಶ ತಲೆ ಕೆರೆದುಕೊಂಡ. "ಈಗಿನ ರೆಕಾರ್ಡಿಂಗೇ ಹಂಗೆ ಭೈರಕ್ಕ. ಸಣ್ಣ ದನಿ, ದೊಡ್ಡ ದನಿ ಎಲ್ಲ ಒಂದೇ ಮಟ್ಟಕ್ಕೆ ಎಬ್ಬಿಸ್ತಾರೆ. ಖಾಲಿ ಜಾಗ ಕಂಡ್ರೆ ಕೀಬೋರ್ಡ್ ತುಂಬ್ತಾರೆ. ತಡಿ, ನಂದೊಂದು ಹಳೇ ಟೇಪ್ ರೆಕಾರ್ಡರ್ ಉಂಟು."

ಪಾಪ, ವಿಜಯನ ಮುಖ ಬಾಡಿತು. ಆದರೂ ತಾನೇ ಓಡಿ, ಮತ್ತೆ ಅಕ್ಕಿ ಡಬ್ಬಿ ಸೇರಿದ್ದ ಕ್ಯಾಸೆಟ್ ತಂದು, ಅದರೊಳಗೆ ಸಿಕ್ಕಿದ್ದ ಅಕ್ಕಿಕಾಳು ಕೊಡವಿ ಕೊಟ್ಟ.

ಮೊದಲು ಬರೀ ಸುಂಯ್ ಎಂಬ ಸದ್ದು. ಕೇಳಬೇಕಾದರೆ ಸುಮ್ಮನಿರಬೇಕು. ಹೆಂಗಸರು ಒಬ್ಬರನ್ನೊಬ್ಬರು ಗದರಿ ಸುಮ್ಮನಾಗಿಸಿದರು. ಯಾರೋ ಒಳಗೆ ಮಿಕ್ಸಿ ನಿಲ್ಲಿಸಿದರು. ಆಗ ಬಂತು ನೋಡಿ ಪ್ರಾಯದ ಭೈರಮ್ಮನ ಗಟ್ಟಿ ಕಂಠ, ಅದರ ಹಿಂದೆ ದೂರದಿಂದ ಮೆತ್ತಗೆ, ನಾಚುತ್ತ ನಾಚುತ್ತ ಗಿಡ್ಡಮ್ಮ.

"ಓ, ಬಂದ್ಲು!" ಭೈರಮ್ಮ ತೊಡೆ ತಟ್ಟಿದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಮೂರನೆಯ ಹಾಡಿನ ನಡುವೆ ಎತ್ತಿಕೊಳ್ಳುವ ದನಿ ಬರಲಿಲ್ಲ. ದಡದಡ ಓಡುವ ಸದ್ದು, ಪಾತ್ರೆಯ ಸದ್ದು, ಆಮೇಲೆ ಒಳಗಿನಿಂದ ಗಿಡ್ಡಮ್ಮನ ಕೂಗು: "ಅಯ್ಯೋ, ಹಾಲು ಉಕ್ಕಿ ಹೋಯ್ತಲ್ಲೇ!" ಚಪ್ಪರಕ್ಕೆ ಚಪ್ಪರವೇ ಬಿದ್ದು ಬಿದ್ದು ನಕ್ಕಿತು. ಕ್ಯಾಸೆಟ್ಟಿನ ಭೈರಮ್ಮ ಅದೇ ಸಾಲನ್ನು ಮತ್ತೆ ಹೇಳಿ ಕಾದಳು. ಅಕ್ಕನಿನ್ನೂ ಒಲೆಯ ಹತ್ತಿರವೇ ಇದ್ದಳು.

ಆಗ ಅರಶಿನ ಮೆತ್ತಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದ ಅನಿತಾ ಆ ಸಾಲನ್ನು ಎತ್ತಿಕೊಂಡಳು. ದನಿ ಸಣ್ಣದು, ರಾಗ ಕೊಂಚ ಆಚೀಚೆ. ಭೈರಮ್ಮ ಬೆಚ್ಚಿ ಮೊಮ್ಮಗಳ ಮುಖವನ್ನೇ ನೋಡಿದಳು.

"ಬಂದ್ ಮಾಡು ಲೋಕೇಶ."

"ಯಾಕೆ ಭೈರಕ್ಕ? ಇನ್ನೂ ಎಷ್ಟೋ ಹಾಡು ಉಂಟು!"

"ಇರ್ಲಿ ಮಾರಾಯ. ಎತ್ಕೊಳ್ಳೋರು ಸಿಕ್ಕಿದ್ರು."

ಎಲೆಅಡಿಕೆ ಉಗಿದು ಬಂದು, ಮೊಮ್ಮಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಮುಂದಿನ ಸಾಲನ್ನು ಭೈರಮ್ಮನೇ ಹೇಳಿದಳು.