ದೊಡ್ಡಿಯ ಸದ್ದಿಗೆ ಎರಡು ಸಲ ಕಿವಿಗೊಡುವ ಕ್ಯಾಪ್ಟನ್

ಬೆಳಗಿನ ಆರೂವರೆ. ನೆಲ್ಯಹುದಿಕೇರಿಯ ಆಚೆಗಿನ ಕಾಫಿ ತೋಟವೊಂದರ ಗೇಟಿನ ಮುಂದೆ ಮೂವತ್ತನಾಲ್ಕು ಮಂದಿ ಚೀಲ ಮಡಚಿ ಹಿಡಿದು ನಿಂತಿದ್ದಾರೆ. ಎಲ್ಲರ ಕಣ್ಣು ದಿಬ್ಬದ ಮೇಲಿನ ಮುದುಕರ ಮೇಲೆ. ತಲೆಗೆ ಮಫ್ಲರ್, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಹಳೇ ಟಿವಿ ಆಂಟೆನಾದಂಥದ್ದೊಂದು. ಅದನ್ನು ಮಂಜಿನೊಳಗೆ ನಿಧಾನವಾಗಿ ಆಚೀಚೆ ತಿರುಗಿಸುತ್ತಿದ್ದಾರೆ.

ಇವರು ಸೇನೆಯಿಂದ ನಿವೃತ್ತರಾದ ಗೌರವ ಕ್ಯಾಪ್ಟನ್ ಕಲ್ಲೇಶಪ್ಪ, ವಯಸ್ಸು ಅರವತ್ತಾರು. ಹುಡುಕುತ್ತಿರುವುದು ದೊಡ್ಡಿಯನ್ನು. ದೊಡ್ಡಿ ಹದಿನಾರು ಆನೆಗಳ ಹಿಂಡಿನ ಯಜಮಾನಿ. ಹೆಸರಿಟ್ಟವರು ತೋಟದ ಕೂಲಿಯವರ ಲೈನ್‌ಮನೆಯ ಹೆಂಗಸರು. ಅದರ ಕೊರಳಲ್ಲಿ ರೇಡಿಯೋ ಕಾಲರ್ ಇದೆ. ಆನೆ ಎಲ್ಲಿದೆಯೆಂದು ಮೊಬೈಲಿಗೆ ಸಂದೇಶವೇನೋ ಬರುತ್ತದೆ, ಆದರೆ ನಾಲ್ಕು ಗಂಟೆಗೊಮ್ಮೆ. ಅಷ್ಟು ಹೊತ್ತಿಗೆ ಅದು ಮೂರು ತೋಟ ದಾಟಿ ಯಾರದೋ ಹಿತ್ತಲಲ್ಲಿರುತ್ತದೆ. ನಡುವಿನ ಸಮಯಕ್ಕೆ ಕಾಲರಿನ ಟಿಕ್ ಟಿಕ್ ಸದ್ದನ್ನು ಯಾರಾದರೂ ಕಿವಿಯಲ್ಲೇ ಹಿಡಿಯಬೇಕು.

ಮೂರು ವರ್ಷದ ಹಿಂದೆ ಇದೇ ತೋಟದಲ್ಲಿ ಹಣ್ಣು ಕೊಯ್ಯುವ ಪಿಕಿಂಗಿಗೆ ಇಳಿದ ಮುದ್ದಿ ಎಂಬಾಕೆ ಆನೆಗೆ ಸಿಕ್ಕಿ ಸತ್ತಳು. ಸುದ್ದಿ ಕೇಳಿದ ಮರುದಿನ ಕಲ್ಲೇಶಪ್ಪ ತಾವಾಗಿಯೇ ಅರಣ್ಯ ಕಚೇರಿಗೆ ಹೋಗಿ, 'ನನಗೆ ಕೇಳೋ ಕೆಲಸ ಬರ್ತದೆ, ಕೊಡಿ' ಎಂದರಂತೆ. ಮುದ್ದಿಯ ತಂಗಿ ಚೋಮಿ ಇವತ್ತು ಸಾಲಿನ ಮೊದಲಲ್ಲೇ ನಿಂತಿದ್ದಾಳೆ.

"ಹೊಳೆ ಕಡೆಯಿಂದ ಜೋರಾಗಿ ಬತ್ತಾ ಇದೆ," ಎನ್ನುತ್ತಾರೆ ಕ್ಯಾಪ್ಟನ್.

ತೋಟದ ಆಳುಗಳ ಲೆಕ್ಕ ನೋಡುವ ರೈಟರ್ ದೇವರಾಜು ಅವರ ಮುಖ ಅರಳುತ್ತದೆ. "ಹಂಗಾದ್ರೆ ಇವರನ್ನ ಕೆರೆ ಬ್ಲಾಕಿಗೆ ಬಿಡ್ಲಾ ಸಾರ್? ಹಣ್ಣು ಉದುರ್ತಾ ಇದೆ."

"ತಡೀರಿ. ಇನ್ನೊಂದು ಕಡೆಯಿಂದ ಕೇಳ್ಬೇಕು."

ಹೀಗೆ ದಿನವೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ದೇವರಾಜು ವಾಚು ನೋಡಿಕೊಳ್ಳುತ್ತಾರೆ. ಕ್ಯಾಪ್ಟನ್ ಅರ್ಧ ಮೈಲಿ ದೂರದ ಇನ್ನೊಂದು ದಿಬ್ಬಕ್ಕೆ ಹೊರಡುತ್ತಾರೆ, ಹಿಂದೆಯೇ ಅವರ ಬಗ್ಗೆ ಬರೆಯಲು ಬಂದ ನಾನು. "ಬೆಟ್ಟ ಸುಳ್ಳು ಹೇಳ್ತದೆ," ಎನ್ನುತ್ತಾರೆ ನಡೆಯುತ್ತಲೇ. "ಸಿಗ್ನಲ್ ಹೋಗಿ ಬಂಡೆಗೆ ಹೊಡ್ದು ವಾಪಸ್ ಬಂದ್ರೆ, ಆನೆ ಬಂಡೆ ಕಡೆ ಇದೆ ಅನ್ನಿಸ್ತದೆ. ಒಂದೇ ಸಲ ಕೇಳಿ ನಂಬಿದೋನು ಕೆಟ್ಟ."

ಇದನ್ನು ಕಲಿತದ್ದು ಸೇನೆಯಲ್ಲಿ. ಶನಿವಾರಸಂತೆ ಕಡೆಯ ರೈತರ ಮಗ, ಹತ್ತೊಂಬತ್ತಕ್ಕೆ ಸೇನೆಯ ಸಂಪರ್ಕ ದಳ ಸಿಗ್ನಲ್ಸ್ ಸೇರಿದರು. ಸಿಕ್ಕ ಕೆಲಸ ಶತ್ರುವಿನ ರೇಡಿಯೋ ಮಾತು ಕದ್ದು ಕೇಳುವುದು, ಬೇಕಾದಾಗ ಆ ಮಾತು ಯಾರಿಗೂ ಮುಟ್ಟದಂತೆ ಕೆಡಿಸುವುದು. ಮನೆಯಲ್ಲೂ ಬಾಯಿಬಿಡುವಂತಿಲ್ಲ. 'ರೇಡಿಯೋ ಕೆಲಸ' ಎಂದಷ್ಟೇ ಹೇಳಿದ್ದರಿಂದ, ರಜೆಗೆ ಬಂದಾಗ ಊರವರು ಕೆಟ್ಟ ಟ್ರಾನ್ಸಿಸ್ಟರ್ ಹೊತ್ತು ತರುತ್ತಿದ್ದರು. ಇವರು ಕೂತು ಸರಿಮಾಡಿಯೂ ಕೊಟ್ಟರು! "ಇಪ್ಪತ್ತೆಂಟು ವರ್ಷ ನಮ್ಮೋರು ರಿಪೇರಿಯೋರು ಅಂತ್ಲೇ ತಿಳ್ಕೊಂಡಿದ್ದೆ," ಎಂದು ನಗುತ್ತಾರೆ ಮಡದಿ ಸುಲೋಚನಮ್ಮ.

೧೯೯೯ರ ಯುದ್ಧದ ಮಾತೆತ್ತಿದರೆ ಮಾತ್ರ ಆಕೆ ಎದ್ದು ಒಳಗೆ ಹೋಗುತ್ತಾರೆ.

ಆ ಯುದ್ಧದ ಒಂದು ಮುಂಜಾನೆ ಎದುರಿನ ಶಿಖರದಲ್ಲಿ ಕೂತ ಶತ್ರುವೊಬ್ಬ ರೇಡಿಯೋದಲ್ಲಿ ತನ್ನ ಫಿರಂಗಿಗಳಿಗೆ ಗುರಿ ಹೇಳಿಕೊಡುತ್ತಿದ್ದ. ಕೆಳಗಿನಿಂದ ನಮ್ಮವರು ಹತ್ತುತ್ತಿದ್ದರು. ಅವನ ತರಂಗದಲ್ಲಿ ಗದ್ದಲ ತುಂಬಿ ಅವನ ಬಾಯಿ ಕಟ್ಟುವುದು ಆಗ ಸುಬೇದಾರರಾಗಿದ್ದ ಕಲ್ಲೇಶಪ್ಪನವರ ಕೆಲಸ. ಅದಕ್ಕೊಂದು ನಿಯಮವಿದೆ. ಗದ್ದಲ ಎಬ್ಬಿಸುವಾಗ ನಮ್ಮ ಕಿವಿಯೂ ಮುಚ್ಚಿರುತ್ತದೆ. ಆದ್ದರಿಂದ ಆಗಾಗ ಯಂತ್ರ ನಿಲ್ಲಿಸಿ, ಗಾಳಿಯಲ್ಲಿ ಏನಿದೆಯೆಂದು ಕೇಳಿ, ಮತ್ತೆ ಶುರುಮಾಡಬೇಕು.

"ನಿಲ್ಸಿದ್ರೆ ಅವನು ಮಾತಾಡ್ತಾನೆ, ನಮ್ಮೋರ ತಲೆ ಮೇಲೆ ಗುಂಡು ಬೀಳ್ತದೆ ಅಂತ ಹನ್ನೊಂದು ನಿಮಿಷ ನಾನು ನಿಲ್ಸಲೇ ಇಲ್ಲ. ಅದೇ ಹೊತ್ತಲ್ಲಿ ಪಕ್ಕದ ತರಂಗದಲ್ಲಿ ನಮ್ಮದೇ ಹುಡುಗ ಒಬ್ಬ ಕೂಗ್ತಾ ಇದ್ದ. ಮೂರು ಜನರ ತುಕಡಿ, ದಾರಿ ತಪ್ಪಿತ್ತು. ಮಾರನೇ ದಿನ ನಮ್ಮ ಇನ್ನೊಂದು ರೇಡಿಯೋ ಠಾಣೆ ಟೇಪಲ್ಲಿ ಕೇಳ್ದೆ. ನನ್ನ ಗದ್ದಲದ ಕೆಳಗೆ ಅವನ ದನಿ. ಒಂಬತ್ತು ಸಲ ಕರ್ದಿದಾನೆ."

ಇಬ್ಬರು ಬದುಕಿ ಬಂದರು. ಕರೆದವನು ಬರಲಿಲ್ಲ. ಹೆಸರು ಕೇಳಿದೆ. "ಬರೀಬೇಡಿ. ಅವರಮ್ಮ ಇನ್ನೂ ಇದಾರೆ," ಎಂದರು.

ಎರಡನೇ ದಿಬ್ಬದ ಮೇಲೆ ಆಂಟೆನಾ ಮತ್ತೆ ತಿರುಗುತ್ತದೆ. ಹೊಳೆಯ ಕಡೆ ಸದ್ದು ಸಣ್ಣಗಿದೆ. ಕೆರೆಯ ಕಡೆಗೆ ಹೊರಳುತ್ತಿದ್ದಂತೆ ಕ್ಯಾಪ್ಟನ್ನರ ಕೈ ಗಕ್ಕನೆ ನಿಲ್ಲುತ್ತದೆ. ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಒತ್ತುತ್ತಾರೆ. ಟಿಕ್. ಟಿಕ್. ಸುತ್ತಿಗೆಯಲ್ಲಿ ಬಡಿದಷ್ಟು ಸ್ಪಷ್ಟ.

"ದೇವರಾಜು! ಒಬ್ರನ್ನೂ ಬಿಡ್ಬೇಡಿ. ಕೆರೆ ಬ್ಲಾಕಲ್ಲೇ ಇದೆ," ಫೋನಿನಲ್ಲಿ ಅವರ ದನಿ ಸಣ್ಣದು, ಆದರೆ ಖಡಕ್ಕು. ಮರುಗಳಿಗೆ ಅರಣ್ಯ ಸಿಬ್ಬಂದಿಗೆ ಕರೆ. ನಾವು ಗೇಟು ತಲುಪುವಷ್ಟರಲ್ಲಿ ಕೆರೆಯ ಕಡೆ ಆನೆಗಳಿಗೆ ಇಷ್ಟದ ಬೈನೆ ಮರವೊಂದು ಲಟಲಟನೆ ಮುರಿದು ಬೀಳುತ್ತದೆ, ಅದರ ಹಿಂದೆಯೇ ಘೀಳು. ಚೋಮಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ದೇವರಾಜು ಗೇಟಿನ ಕಟ್ಟೆಯ ಮೇಲೆ ಕುಸಿದು ಕೂರುತ್ತಾರೆ; ಆಮೇಲೆ ವಾಚು ನೋಡಿದ್ದು ನಾನು ಕಾಣಲಿಲ್ಲ.

ಹಿಂಡು ಹೊಳೆ ದಾಟಿದ್ದು ಖಚಿತವಾಗುವಾಗ ಒಂಬತ್ತೂವರೆ. ಕ್ಯಾಪ್ಟನ್ ಎರಡು ದಿಬ್ಬಗಳಿಂದಲೂ ಮತ್ತೆ ಕೇಳಿ, ಗೇಟಿನ ಬುಡಕ್ಕೆ ಬಂದು, "ಹೋಗಿ," ಎನ್ನುತ್ತಾರೆ. ಆ ಮಾತು ಹೇಳುವಾಗ ಅವರು ಯಾರ ಮುಖವನ್ನೂ ನೋಡುವುದಿಲ್ಲ.

ಅವರ ಮನೆಯಲ್ಲಿ ಒಂದು ಪದಕವಿದೆಯೆಂದು ಕೇಳಿದ್ದೆ. ತೋರಿಸಿ ಎಂದೆ. "ಟ್ರಂಕಲ್ಲಿದೆ, ಇರ್ಲಿ ಬಿಡಿ. ಅವತ್ತು ಆ ಶಿಖರದೋನ ಬಾಯಿ ಕಟ್ಟಿದ್ದಕ್ಕೆ ಕೊಟ್ರು. ಹತ್ತಿದೋರು ಉಳ್ಕೊಂಡ್ರು, ಅದು ಸುಳ್ಳಲ್ಲ. ಆದ್ರೆ ಅದನ್ನ ಎದೆಗೆ ಹಾಕ್ಕಂಡ್ರೆ ಆ ಒಂಬತ್ತು ಸಲಾನೂ ಕೇಳ್ತದೆ."

ಸಂಜೆ ನಾಲ್ಕೂವರೆಗೆ ಅವರು ಮತ್ತೆ ಗೇಟಿನಲ್ಲಿ ಹಾಜರು. ಈ ಕೆಲಸವನ್ನು ಯಾರೂ ಅವರಿಗೆ ಹೇಳಿಲ್ಲ. ಚೀಲ ಹೊತ್ತು ಬರುವವರನ್ನು ಬೆರಳು ಮಡಚಿ ಎಣಿಸುತ್ತಾರೆ. ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು. ಆಮೇಲೆ ಯಾರೂ ಇಲ್ಲ. ಐದು ನಿಮಿಷವಾಗುತ್ತದೆ. ಮಡಚಿದ ಬೆರಳು ಹಾಗೇ ಇದೆ.

ತಿರುವಿನಲ್ಲಿ ಸೌದೆ ಹೊರೆ ಹೊತ್ತ ಚೋಮಿ ಕಾಣಿಸುತ್ತಾಳೆ.

"ಎಲ್ಲೋಗಿದ್ದೆ? ಎಲ್ಲರ ಜೊತೆ ಬರಕ್ಕಾಗಲ್ವಾ?" ಕ್ಯಾಪ್ಟನ್ ಗದರುತ್ತಾರೆ.

ಚೋಮಿ ಹೊರೆ ಇಳಿಸದೆಯೇ ನಗುತ್ತಾಳೆ. "ಬೆಳಿಗ್ಗೆ ನೀವೇ ಹೋಗಿ ಅಂದ್ರಲ್ಲ ಸಾರ್. ನೀವು ಹೇಳಿದ್ಮೇಲೆ ನಂಗೇನ್ ಭಯ?"

ಕಲ್ಲೇಶಪ್ಪ ಮಡಚಿದ ಬೆರಳು ಬಿಡಿಸಿ, ಗೇಟಿನ ಚಿಲಕ ಹಾಕುತ್ತಾರೆ.

"ಅದಕ್ಕೇ ಕಣವ್ವ, ನಂಗೆ ಭಯ."