ಹೋದ ವರ್ಷದ ಮಾಡೆಲ್ಲಿನ ಮರುಳಸಿದ್ದಣ್ಣ

ಮರುಳಸಿದ್ದಣ್ಣ ಫೋನ್ ಮಾರುತ್ತಿದ್ದದ್ದು ಅಂಗಡಿಯ ಒಳಗಲ್ಲ, ಹೊರಗೆ, ಬಿಸಿಲಿನಲ್ಲಿ. ಗಿರಾಕಿ ಯಾವುದಾದರೂ ಫೋನನ್ನು ಮೆಚ್ಚಿದರೆ ಅದನ್ನು ಅವರ ಕೈಗೇ ಕೊಟ್ಟು, “ಬನ್ನಿ, ಒಂದ್ನಿಮಿಷ” ಎಂದು ಕಡೂರಿನ ನಡುಹಗಲಿನ ರಸ್ತೆಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದರು. “ಈಗ ಓದಿ, ಏನ್ ಕಾಣ್ತದೆ?” ಎಷ್ಟೋ ಫೋನುಗಳಲ್ಲಿ ಓದುವವರ ಮುಖವೇ ಕಾಣುತ್ತಿತ್ತು, ಅಕ್ಷರ ಕಾಣುತ್ತಿರಲಿಲ್ಲ. “ಒಳಗಡೆ ಲೈಟಿನ ಕೆಳಗೆ ಎಲ್ಲಾ ಫೋನೂ ಮದುವೆ ಹೆಣ್ಣೇ ಕಣ್ರೀ. ಹೊಲದಾಗೆ ನಿಂತಾಗ ಯಾರು ಫೋನ್ ಮಾಡಿದ್ರು ಅಂತ ಗೊತ್ತಾಗ್ದಿದ್ರೆ ಅದ್ನ ಇಟ್ಕಂಡ್ ಏನ್ ಮಾಡ್ತೀರಿ?” ಎನ್ನುತ್ತಿದ್ದರು.

ನಾನು ಪಿಯುಸಿ ಮುಗಿಸಿ ಆ ಮೊಬೈಲ್ ಅಂಗಡಿಗೆ ಸೇರಿದಾಗ ನನಗೆ ಕೆಲಸ ಕಲಿಸಿದವರು ಅವರು. ನಾನು ಸಖರಾಯಪಟ್ಟಣದಿಂದ ಬಸ್ಸಿನಲ್ಲಿ ಬರುತ್ತಿದ್ದೆ, ಅವರು ಅಜ್ಜಂಪುರದಿಂದ ರೈಲಿನಲ್ಲಿ. ಐವತ್ತರ ಆಸುಪಾಸು, ಸಣಕಲು ಮೈ, ಬೆವರಿಗೆ ಅರ್ಧ ಅಳಿಸಿದ ವಿಭೂತಿ. ಫೋನ್ ಕಂಪನಿಯವರು ಕೊಟ್ಟ ಟೀ ಶರ್ಟಿನ ಮೇಲೆ ತಮ್ಮ ಬಿಳಿ ಅಂಗಿಯನ್ನು ಗುಂಡಿ ಹಾಕಿ ತೊಡುತ್ತಿದ್ದರು. ಯಾಕೆ ಎಂದು ಕೇಳಿದರೆ, “ಎದೆ ಮೇಲೆ ಅವ್ರ ಹೆಸರು ಬರ್ಕಂಡು ತಿರುಗಕ್ಕೆ ನಾನೇನು ಗೋಡೆನಾ?” ಎಂದಿದ್ದರು.

“ಬಂದವ್ರಿಗೆ ಬಜೆಟ್ ಎಷ್ಟು ಅಂತ ಮೊದ್ಲು ಕೇಳ್ಬೇಡ. ಫೋನಲ್ಲಿ ಏನ್ ಮಾಡ್ತೀರಿ ಅಂತ ಕೇಳು” ಎಂಬುದು ಅವರ ಮೊದಲ ಪಾಠ. ಕ್ಯಾಮೆರಾದ ದೊಡ್ಡ ದೊಡ್ಡ ನಂಬರುಗಳನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಬ್ಯಾಟರಿ ಸಂಜೆವರೆಗೆ ಬರುತ್ತದೆಯೇ, ಫೋಟೊ ತುಂಬಿದರೂ ಜಾಗ ಉಳಿಯುತ್ತದೆಯೇ, ರಿಪೇರಿಯವರು ಹತ್ತಿರದಲ್ಲಿ ಇದ್ದಾರೆಯೇ, ಇಷ್ಟನ್ನೇ ನೋಡುತ್ತಿದ್ದರು. “ಹೊಸ ಮಾಡೆಲ್ ಬಂತು ಅಂದ್ರೆ ಕುಣೀಬೇಡ ಕಣಮ್ಮಾ. ಅದು ಬಂದ ದಿನವೇ ಹೋದ ವರ್ಷದ್ರ ಬೆಲೆ ಇಳೀತದೆ. ಹೋದ ವರ್ಷದ ಒಳ್ಳೇದು ತಗಂಡೋನೇ ಜಾಣ. ಹಂಗಂತ ತೀರಾ ಹಳೇದೂ ಬೇಡ, ಅಪ್‌ಡೇಟ್ ನಿಂತೋದ್ರೆ ಬ್ಯಾಂಕಿನ ಆಪೇ ಓಡಲ್ಲ.”

ಒಮ್ಮೆ ದೇವನೂರಿನಿಂದ ಬಟ್ಟೆ ಹೊಲಿಯುವ ಹೆಂಗಸೊಬ್ಬರು ಬಂದರು. ನಾದಿನಿ ಹತ್ತಿರ ಇರುವಂಥದೇ, ಹಿಂದೆ ನಾಲ್ಕು ಕ್ಯಾಮೆರಾ ಇರುವ ಫೋನೇ ಬೇಕು ಎಂದು ಹಟ. ಮರುಳಸಿದ್ದಣ್ಣ ಏನು ಮಾಡುತ್ತೀರಿ ಎಂದು ಕೇಳಿದರು. ಬ್ಲೌಸಿನ ಡಿಸೈನ್ ನೋಡುವುದು, ಗಿರಾಕಿಗಳಿಗೆ ಕಳಿಸುವುದು. “ಹಂಗಾದ್ರೆ ದೊಡ್ಡ ಸ್ಕ್ರೀನ್ ಬೇಕು, ನಾಲ್ಕು ಕಣ್ಣು ಬೇಡ. ನಾದಿನಿ ಫೋನ್ ನೋಡಿ ಯಾರಾದ್ರೂ ನಿಮ್ ಹತ್ರ ಬಟ್ಟೆ ಹೊಲಿಸ್ತಾರಾ?” ಆಕೆ ಮೊದಲು ಮುಖ ಊದಿಸಿಕೊಂಡರು, ಆಮೇಲೆ ನಕ್ಕು ಹೋದ ವರ್ಷದ ಫೋನನ್ನೇ ತೆಗೆದುಕೊಂಡರು. ಮರುವರ್ಷ ಅಕ್ಕಪಕ್ಕದ ಇಬ್ಬರನ್ನು ಕರೆತಂದು, “ಆ ಬಿಸ್ಲಿಗೆ ನಿಲ್ಸೋರು ಎಲ್ಲಿ?” ಎಂದು ಕೇಳಿದರು.

ಅಂಗಡಿಯ ಯಜಮಾನರಿಗೆ ಈ ಮಾರುವ ರೀತಿ ಹಿಡಿಸಲಿಲ್ಲ. ಹೊಸ ಮಾಡೆಲ್ಲಿನ ಡಬ್ಬಿಗಳು ಕಪಾಟಿನಲ್ಲೇ ಉಳಿಯುತ್ತಿದ್ದವು. ಕಂಪನಿಯವರು ತಿಂಗಳಿಗೆ ಇಷ್ಟು ಎಂದು ಟಾರ್ಗೆಟ್ ಕೊಟ್ಟು ಹೋಗುತ್ತಿದ್ದರು. ಒಂದು ದಿನ ಯಜಮಾನರು ನಮ್ಮಿಬ್ಬರನ್ನೂ ಒಳಗಿನ ಕೋಣೆಗೆ ಕರೆದು ಸಿಸಿ ಕ್ಯಾಮೆರಾದ ರೆಕಾರ್ಡಿಂಗ್ ಹಾಕಿದರು. ಕೌಂಟರಿನ ಮಾತೂ ಅದರಲ್ಲಿ ಕೇಳುತ್ತದೆಂದು ನಮಗೆ ಗೊತ್ತಿರಲಿಲ್ಲ. “ಇದಕ್ಕೆ ಅಷ್ಟು ದುಡ್ಡು ಸುರೀಬೇಡಿ ಸ್ವಾಮಿ” ಎನ್ನುವ ಮರುಳಸಿದ್ದಣ್ಣನ ದನಿ ಕೋಣೆಯಲ್ಲೆಲ್ಲ ಕೇಳಿತು.

“ಇವ್ರು ದಿನಾ ಹಿಂಗೇನಾ?” ಎಂದು ಯಜಮಾನರು ನನ್ನನ್ನು ಕೇಳಿದರು.

ಮರುಳಸಿದ್ದಣ್ಣ ನನ್ನ ಕಡೆ ನೋಡಲೂ ಇಲ್ಲ. ಅವರು ಇರುವುದರಿಂದಲೇ ಗಿರಾಕಿಗಳು ಬರುತ್ತಾರೆ ಎಂದು ನಾನು ಹೇಳಬಹುದಿತ್ತು. ಅದೂ ನಿಜವೇ ಆಗಿತ್ತು. ನಾನು ಹೇಳಿದ್ದು ಒಂದೇ ಮಾತು: “ಹೌದು ಸರ್.” ಮರುದಿನದಿಂದ ಅವರು ಬರಲಿಲ್ಲ. ಅವರ ಕೌಂಟರ್ ನನಗೆ ಸಿಕ್ಕಿತು.

ಕೆಲವು ತಿಂಗಳ ಮೇಲೆ ನೆಂಟರ ಗೃಹಪ್ರವೇಶಕ್ಕೆ ಅಜ್ಜಂಪುರಕ್ಕೆ ಹೋದಾಗ ಅವರನ್ನು ಕಂಡೆ. ಭಾವಮೈದುನನ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಒಂದು ಮೇಜು ಹಾಕಿಕೊಂಡು ರೀಚಾರ್ಜ್ ಮಾಡುತ್ತಿದ್ದರು, ನಾಲ್ಕೈದು ಫೋನ್ ಇಟ್ಟಿದ್ದರು. ಒಬ್ಬ ಮೇಷ್ಟ್ರು ಅವರೆದುರು ಬೆಂಚಿನ ಮೇಲೆ ಕೂತು ಅರ್ಧ ಗಂಟೆ ವಿಚಾರಿಸಿದರು. ಯಾವುದು ಕೊಳ್ಳಬೇಕು, ಯಾವುದು ಕೊಳ್ಳಬಾರದು, ಎಲ್ಲವನ್ನೂ ಮರುಳಸಿದ್ದಣ್ಣ ಬಿಡಿಸಿ ಹೇಳಿದರು. ಮೇಷ್ಟ್ರು ತಲೆದೂಗಿ, ಅಲ್ಲೇ ಕೂತು, ಅವರು ಹೇಳಿದ ಫೋನನ್ನೇ ಆನ್‌ಲೈನಿನಲ್ಲಿ ಆರ್ಡರ್ ಮಾಡಿ, “ಥ್ಯಾಂಕ್ಸ್ ಮರುಳಸಿದ್ದಪ್ಪ” ಎಂದು ಎದ್ದು ಹೋದರು.

“ದಿನಾ ಹಿಂಗೇ ಕಣಮ್ಮಾ. ನನ್ ಮಾತು ಎಲ್ಲಾರ್ಗೂ ಬೇಕು, ನನ್ ಅಂಗ್ಡಿ ಯಾರಿಗೂ ಬೇಡ” ಎಂದರು.

ನಾನು ತಡವರಿಸುತ್ತಾ, “ಅಣ್ಣ, ಅವತ್ತು ನಾನು...” ಎಂದೆ.

“ಹೌದು ಅಂದೆ. ಸುಳ್ಳೇನ್ ಹೇಳಲಿಲ್ವಲ್ಲ, ಬಿಡು. ಕಾಫಿ ಕುಡೀತೀಯಾ?”

ಬೈದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತೇನೋ. ಆ ಕಾಫಿ ಕುಡಿದು ಬಂದೆ.

ಹೋದ ವರ್ಷ ಒಂದು ತಿಂಗಳ ಕೊನೆಯ ದಿನ, ಟಾರ್ಗೆಟ್ ಮುಟ್ಟಲು ನಾನು ಹೊಸ ಮಾಡೆಲ್ಲಿನ ಇನ್ನೊಂದೇ ಒಂದು ಫೋನ್ ಮಾರಬೇಕಿತ್ತು. ಆಗ ಸ್ಕೂಲಿನಲ್ಲಿ ಬಿಸಿಯೂಟ ಮಾಡುವ ಹೆಂಗಸೊಬ್ಬರು ಬಂದರು. “ಈಗ ಬಂದಿರೋದ್ರಲ್ಲಿ ಎಲ್ಲಕ್ಕಿಂತ ಹೊಸದು ಕೊಡಿ” ಎಂದರು. ನಾನು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, ತಾವಾಗಿಯೇ ಹೇಳಿದರು:

“ನಮ್ಮನೆಯವ್ರಿಗೆ. ಅಜ್ಜಂಪುರದಲ್ಲಿ ತಗಂಡ್ರೆ ಅವ್ರಿಗೆ ಗೊತ್ತಾಗೋಗ್ತದೆ, ಬೇಡ ಅಂತಾರೆ. ಜನ್ಮೆಲ್ಲಾ ಬ್ಯಾರೆಯವ್ರಿಗೆ ಬುದ್ಧಿ ಹೇಳ್ಕಂಡು ತಾವು ಹಳೇದೇ ಹಿಡ್ಕಂಡ್ರು. ಒಂದ್ಸಲನಾದ್ರೂ ಹೊಸದು ಹಿಡೀಲಿ. ಮೊದ್ಲು ಈ ಅಂಗ್ಡೀಲೇ ಇದ್ರು, ಮರುಳಸಿದ್ದಪ್ಪ ಅಂತ. ನಿಮ್ ವಿಷ್ಯ ಆಗಾಗ ಹೇಳ್ತಿರ್ತಾರೆ. ಗೊತ್ತಿರೋರು, ಮೋಸ ಮಾಡಲ್ಲ ಅಂತ್ಲೇ ಇಲ್ಲಿಗೆ ಬಂದೆ.”

ಅದರ ಹಿಂದಿನ ವರ್ಷದ ಮಾಡೆಲ್ ಪಕ್ಕದ ಕಪಾಟಿನಲ್ಲೇ ಇತ್ತು. ಬೆಲೆ ಹೆಚ್ಚುಕಡಿಮೆ ಅರ್ಧ. ಒಳಗೆ ಇರುವುದೂ ಹೆಚ್ಚುಕಡಿಮೆ ಅದೇ. ಗಾಜಿನ ಆಚೆ ಯಜಮಾನರು ಕೂತಿದ್ದರು. ಆಕೆಗೆ ಬೇಕಾದದ್ದು ಹೊಸದೇ ತಾನೇ ಎಂದುಕೊಂಡು ನಾನು ಬಿಲ್ ಮಾಡಿದೆ. ಆ ಡಬ್ಬಿಯಲ್ಲಿ ಚಾರ್ಜರ್ ಇರುವುದಿಲ್ಲ, ಬೇರೆ ಕೊಳ್ಳಬೇಕು ಎಂಬುದನ್ನೂ ಹೇಳಲಿಲ್ಲ. ಹೇಳಿದ್ದರೆ ಆಕೆ ಅದರ ಬೆಲೆ ಕೇಳುತ್ತಿದ್ದರು, ಎರಡನೇ ಸಲ ಯೋಚಿಸುತ್ತಿದ್ದರು.

ನಾಲ್ಕನೇ ದಿನ ಮರುಳಸಿದ್ದಣ್ಣ ಬಂದರು. ಆ ಫೋನು ಅಂಗಿಯ ಜೇಬಿನಲ್ಲಿತ್ತು.

“ಇದ್ರ ಚಾರ್ಜರ್ ಒಂದು ಕೊಡು” ಎಂದರು.

“ಅಣ್ಣ, ಅಕ್ಕ ಹೊಸದೇ ಬೇಕು ಅಂದ್ರು. ಬೇಕಾದ್ರೆ ಯಜಮಾನ್ರನ್ನ ಕೇಳಿ ಬದ್ಲಾಯಿಸಿ...”

“ಬೇಡ. ಅವ್ಳು ಖುಷಿಯಾಗಿದಾಳೆ. ಚಾರ್ಜರ್ ಡಬ್ಬೀಲೇ ಇತ್ತು, ನನ್ ಅಂಗ್ಡೀಲಿ ಇಟ್ಟಿದೀನಿ ಅಂತ ಅವ್ಳಿಗೆ ಹೇಳಿದೀನಿ. ಎಲ್ಲಾದ್ರೂ ಅವ್ಳು ಸಿಕ್ಕಿದ್ರೆ ನೀನೂ ಹಂಗೇ ಹೇಳು.”

ನಾನು ಚಾರ್ಜರ್ ಹುಡುಕುತ್ತಿದ್ದಾಗ ತರೀಕೆರೆ ಕಡೆಯ ಮುದುಕರೊಬ್ಬರು ಬಂದು ಮರುಳಸಿದ್ದಣ್ಣನ ಪಕ್ಕದ ಸ್ಟೂಲಿನಲ್ಲಿ ಕೂತರು. “ಏನಮ್ಮಾ, ಮಗಳ ಮುಖ ನೋಡ್ಕಂಡ್ ಮಾತಾಡಕ್ಕೆ ಒಂದ್ ಫೋನ್ ಬೇಕು. ಯಾವ್ದು ಒಳ್ಳೇದು?” ಎಂದರು.

ನಾನು ಮರುಳಸಿದ್ದಣ್ಣನ ಕಡೆ ನೋಡಿದೆ. ಅವರು ಬಾಯಿ ಹಾಕಲಿ, ನನ್ನನ್ನು ತಡೆಯಲಿ, ಯಜಮಾನರು ಎದ್ದು ಬಂದು ಇಬ್ಬರಿಗೂ ಬೈಯಲಿ ಎಂದು ಕಾದೆ. ಮರುಳಸಿದ್ದಣ್ಣ ಮುದುಕರನ್ನು ನೋಡಿದರು, ನನ್ನನ್ನು ನೋಡಿದರು. ಚಾರ್ಜರಿನ ದುಡ್ಡನ್ನು ಕೌಂಟರಿನ ಮೇಲಿಟ್ಟು, “ರೈಲಿಗೆ ಹೊತ್ತಾಯ್ತು” ಎಂದು ಎದ್ದರು.

ಆಮೇಲೆ ಅವರು ಕಡೂರಿಗೆ ಬಂದದ್ದನ್ನು ನಾನು ಕಂಡಿಲ್ಲ. ಅಜ್ಜಂಪುರ ದೂರವೇನಲ್ಲ, ನಾನೂ ಹೋಗಿಲ್ಲ. ತರೀಕೆರೆ ಕಡೆಯ ಆ ಮುದುಕರಿಗೆ ಅವತ್ತು ನಾನು ಹೊಸ ಮಾಡೆಲ್ಲನ್ನೇ ಮಾರಿದೆ.